ಮೀನು ಸಾರಿನ ಮೇಲೆ ಹೊರಿಸಿದ ಸಾವು

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಹೆಂಡತಿ ಕೆಲೆರಾಳ ಜೀವ ತೆಗೆದ ಸೋಂಕು ಅವಳ ತಾಯಿಯ ಅಡುಗೆಮನೆಯಿಂದ ಬಂತೆಂದು ತಾವು ಅಪ್ಪಣೆ ಕೊಡಿಸಿದಿರಿ. ನಾನದನ್ನು ನಂಬುವುದಿಲ್ಲ. ತಾವೂ ನಂಬಿಲ್ಲವೆಂಬುದೇ ನನ್ನ ಅನುಮಾನ.

ಫಿಜಿಯ ಈ ನಾವುಲಾಗಿ ಪಟ್ಟಣದ ಹುಡುಗಿಯರಿಗೆಲ್ಲ ನೆಟ್‌ಬಾಲ್ ಕಲಿಸಿದವಳು ಕೆಲೆರಾ. ರಕ್ತದ ಕ್ಯಾನ್ಸರ್ ಎಂದಾಗಲೂ ಎದೆಗುಂದಲಿಲ್ಲ. ಕೀಮೋ ಕೊಟ್ಟ ಮೇಲೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೇ ಅವಳಲ್ಲಿ ಉಳಿದಿರಲಿಲ್ಲ. ಅಂಥವಳನ್ನು ತಮ್ಮ ಆಸ್ಪತ್ರೆಯಲ್ಲಿ ಮಲಗಿಸಿದ್ದೆಲ್ಲಿ? ಕೈತೊಳೆಯುವ ಬೇಸಿನ್ನಿನ ಪಕ್ಕ. ನಲ್ಲಿ ತಿರುಗಿಸಿದರೆ ಕಟ್ಟಿಕೊಂಡ ಕೊಳವೆಯಿಂದ ಕಪ್ಪು ನೀರು ಮೇಲಕ್ಕೆ ಉಕ್ಕುತ್ತಿತ್ತು.

“ಅಪೆನಿಸಾ, ಹಾಸಿಗೆಗೂ ಸಿಡೀತಿದೆ ಕಣೋ, ಹೇಳೋ ಅವರಿಗೆ,” ಎಂದಳು. ಹೇಳಿದೆ. ರಿಪೇರಿಯವರು ಬರುತ್ತಾರೆಂದರು. ಅವರಿಗಿಂತ ಮೊದಲು ಜ್ವರ ಬಂತು. ಒಂದಾದ ಮೇಲೊಂದು ಆಂಟಿಬಯೋಟಿಕ್ ಹಾಕಿದರು. ಆ ಬ್ಯಾಕ್ಟೀರಿಯಾ ಯಾವುದಕ್ಕೂ ಬಗ್ಗಲಿಲ್ಲ.

ಆಗ ತಾವು ದರ್ಶನ ಕೊಟ್ಟಿರಿ. ನನ್ನ ಅತ್ತೆ ಮಕೆರೆಟಾರನ್ನು, “ಮನೆಯಿಂದ ಏನಮ್ಮ ತಂದಿದ್ದೆ?” ಎಂದು ಕೇಳಿದಿರಿ.

“ತೆಂಗಿನಹಾಲು ಹಾಕಿದ ಮೀನು ಸಾರು, ಸಾರ್.”

“ನೋಡಿ, ಇಂಥದ್ದರಿಂದಲೇ ಆಗೋದು.”

ಎಷ್ಟು ಸಲೀಸಾಗಿ ಮುಗಿಯಿತು ತಮ್ಮ ತನಿಖೆ! ಮಾನ್ಯರೇ, ಕೆಲೆರಾ ಆ ಸಾರನ್ನು ಬಾಯಿಗೇ ಇಟ್ಟಿರಲಿಲ್ಲ. ಬಾಯಿ ತುಂಬ ಹುಣ್ಣು. ಬರೀ ಪರಿಮಳ ಹೀರಿ, “ನೀನೇ ತಿನ್ನು. ಅಮ್ಮಂಗೆ ಮಾತ್ರ ನಾನೇ ಖಾಲಿ ಮಾಡಿದೆ ಅನ್ನು,” ಎಂದು ಕಣ್ಣು ಮಿಟುಕಿಸಿದಳು. ಪಕ್ಕದ ಹಾಸಿಗೆಯ ಬಿದ್ಯಾವತಿ ಅಕ್ಕನಿಗೂ ಅದೇ ಕ್ಯಾನ್ಸರ್, ಆಮೇಲೆ ಅದೇ ಬ್ಯಾಕ್ಟೀರಿಯಾ. ತಮ್ಮ ವೈದ್ಯರೇ ಹೇಳಿದ್ದು. ಲಂಬಾಸಾದಿಂದ ಹಡಗು ಹತ್ತಿ ಒಬ್ಬಳೇ ಬಂದ ಆಕೆಗೆ ಮನೆಯೂಟ ಯಾರು ತಂದಿದ್ದರು? ಆಕೆಯೂ ಉಳಿಯಲಿಲ್ಲ.

ಕೆಲೆರಾಳನ್ನು ಮಣ್ಣು ಮಾಡಿ, ಅವಳ ಬಟ್ಟೆಬರೆ ತರಲು ವಾರ್ಡಿಗೆ ಬಂದರೆ ಬೇಸಿನ್ನೇ ಮಾಯ! ಗೋಡೆಗೆ ಹೊಸ ಬಣ್ಣ. “ಹಳೇದಾಗಿತ್ತು” ಎಂದಿರಿ. ಎರಡು ಹೆಣ ಬೀಳುವವರೆಗೆ ಅದಕ್ಕೆ ವಯಸ್ಸಾಗಿರಲಿಲ್ಲವೇ? ಕೀಳುವ ಮುನ್ನ ಕೊಳವೆಯ ನೀರನ್ನು ಪರೀಕ್ಷೆಗೆ ಕಳಿಸಿದ್ದಿರಂತೆ. ಫಲಿತಾಂಶವೇನಾಯಿತು? ಅದಕ್ಕೂ ಬಣ್ಣ ಬಳಿದಿರಾ?

ಅತ್ತೆ ಈಗ ಒಲೆ ಹಚ್ಚುವುದಿಲ್ಲ. ಮೊಮ್ಮಗಳು ಹಸಿವೆಂದರೆ ಪಕ್ಕದ ಮನೆಗೆ ಕಳಿಸುತ್ತಾರೆ. ನಡೆದದ್ದನ್ನೆಲ್ಲ ನಾನು ಹೇಳಿದರೆ, “ನನ್ನ ಸಮಾಧಾನಕ್ಕೆ ಹೇಳ್ತೀಯ ಮಗನೇ. ಅಷ್ಟು ಓದಿದ ಡಾಕ್ಟರು ಸುಳ್ಳು ಹೇಳ್ತಾರಾ?” ಎನ್ನುತ್ತಾರೆ.

ಆ ಪರೀಕ್ಷೆಯ ಫಲಿತಾಂಶವನ್ನು ಊರಿಗೆಲ್ಲ ತಿಳಿಸಿ. ಅದಕ್ಕೂ ಮೊದಲು ನಮ್ಮ ಮನೆಗೆ ಬಂದು, ಆ ತಾಯಿಯ ಎದುರು ಕುಳಿತು, ಮಗಳನ್ನು ಕೊಂದದ್ದು ಅವರ ಕೈಯಲ್ಲವೆಂದು ತಮ್ಮ ಬಾಯಿಂದಲೇ ಹೇಳಿ.

ಇಂತಿ,
ತಮ್ಮನ್ನು ನಂಬಲಾರದ, ಅತ್ತೆಯನ್ನು ನಂಬಿಸಲಾರದ
ಅಪೆನಿಸಾ