ನಡು ಮಾಸಿದ ಹಾಳೆಗಳು

8 ಜನವರಿ 2003, ಬುಧವಾರ

ಬೆಳಿಗ್ಗೆ ಫೀ ರಸೀದಿ, ಹಾಜರಿ, ಟಿ.ಸಿ. ಕೇಳಲು ಹೊಳೆಯಾಚೆಯ ಕಾಸರಕೋಡದಿಂದ ಬಂದವರ ಜೊತೆ ಜಗಳ. ದಿನಾ ಇದ್ದದ್ದೇ.

ಮಧ್ಯಾಹ್ನ ಹೆಡ್‌ಮಾಸ್ತರ್ ಶ್ರೀನಾಥ ಭಟ್ರು ಕರೆದರು. ಆಡಳಿತ ಮಂಡಳಿ ಆಫೀಸಿಗೆ ಲೇಸರ್ ಪ್ರಿಂಟರ್ ತರಲು ಒಪ್ಪಿದೆ. ಪ್ರಶ್ನೆಪತ್ರಿಕೆಗೆ ಇನ್ನು ಸೈಕ್ಲೋಸ್ಟೈಲಿನ ಸ್ಟೆನ್ಸಿಲ್ ಕೊರೆಯುವ ಕೆಲಸವಿಲ್ಲ.

"ಯಾವ ಮಶಿನ್ ಚಲೋ ಅಂತ ನೀವೇ ನೋಡಿ ಅಕ್ಕೋರೆ. ನಿಮ್ಮ ಕಣ್ಣಿಗೆ ಪಾಸಾದ್ರೆ ಆತು."

ಪಾಠ ಮಾಡದ ಗುಮಾಸ್ತೆಗೂ ಹೊನ್ನಾವರದಲ್ಲಿ ಟೀಚರಿಗೆ ಹೇಳುವ ಅಕ್ಕೋರು ಎಂಬ ಮರ್ಯಾದೆ. ಈ ಕಣ್ಣಿನಿಂದಲೇ ಬಂದದ್ದು. ಸ್ಟೆನ್ಸಿಲ್‌ನಲ್ಲಿ ಒಂದು ಒತ್ತಕ್ಷರ ಹಾರಿದರೂ ಬಿಟ್ಟವಳಲ್ಲ. ಜಂಬ ಎಂದರೆ ಜಂಬ. ಇರಲಿ.

ಪ್ರಿಂಟರ್ ಪರೀಕ್ಷಿಸಲೆಂದು ಕಂಪ್ಯೂಟರಿನಲ್ಲಿ ಒಂದು ಹಾಳೆ ಸಿದ್ಧ ಮಾಡಿದೆ — ಗೆರೆ ಹೊಡೆದ ಕೋಷ್ಟಕ, ತೀರ ಸಣ್ಣ ಅಕ್ಷರ, ಸಮಾಜದ ಪೇಪರಿನ ನಕ್ಷೆ, ಒಂದು ದಟ್ಟ ಕಪ್ಪು ಚೌಕ. ಫ್ಲಾಪಿಗೆ ಹಾಕಿಕೊಂಡೆ.

11 ಜನವರಿ, ಶನಿವಾರ

ಕುಮಟೆಗೆ ಹೋಗಿ ಬಂದೆ. ಕಂಪ್ಯೂಟರ್ ಅಂಗಡಿಯವ ನನ್ನ ಹಾಳೆಯ ಪ್ರಿಂಟ್ ತೆಗೆದುಕೊಟ್ಟ. ಸ್ಟೆನ್ಸಿಲ್ ನೋಡುವ ಹಾಗೆಯೇ ನೋಡಿದೆ — ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಇಟ್ಟು. ಅಂಚಿನಲ್ಲಿ ಸರಿ. ನಡುವೆ ಗೆರೆಗಳು ಸೊಟ್ಟ, ಅಕ್ಷರ ಮಾಸಲು.

"ನಂಗೆಂತಾ ಕಾಣ್ತಿಲ್ಲಲ್ರಾ" ಅಂದ.

ಮಾರುವವನಿಗೆ ಎಲ್ಲಿಂದ ಕಾಣಬೇಕು! ಡೆಮೋ ಮಶಿನ್, ಹಳತಾಗಿರಬೇಕು.

13 ಜನವರಿ, ಸೋಮವಾರ

ಭಟ್ಕಳ. ವೆಂಕ್ಟ್ರಮಣ ನಾಯ್ಕನ ಅಂಗಡಿ. ದೀಪಾವಳಿಗೆ ತೆರೆದದ್ದಂತೆ, ಬಾಗಿಲ ತೋರಣ ಇನ್ನೂ ತೆಗೆದಿಲ್ಲ. ಹೊಸ ಪೆಟ್ಟಿಗೆ ನನ್ನೆದುರೇ ಒಡೆದ. ಹಾಳೆ ಬಂತು, ಎಡಗಣ್ಣು ಮುಚ್ಚಿ ನೋಡಿದೆ — ಇಲ್ಲೂ ನಡು ಮಾಸಲು! ಇನ್ನೊಂದು ತೆಗೆಸಿದೆ. ಅದೂ ಹಾಗೆಯೇ.

ಸಿಟ್ಟು ನೆತ್ತಿಗೇರಿತು. "ಹಳೇ ಟೋನರ್ ತುಂಬ್ಸಿ ಹೊಸತು ಅಂತ ಮಾರ್ತ್ಯಾ? ಶಾಲೆಗೇ ಮೋಸ ಮಾಡೂಕೆ ಹೊರಟ್ಯಾ?" ಎಂದೆ. ಅಂಗಡಿ ತುಂಬ ಜನ.

"ಅಕ್ಕೋರೆ, ನಿಮ್ಮೆದ್ರೇ ಒಡ್ದದ್ದು ಅಲ್ದಾ? ಮೋಸ ಅಂತ ಮಾತ್ರ ಹೇಳ್ಬೇಡಿ."

ಕಿವಿಗೆ ಹಾಕಿಕೊಳ್ಳಲಿಲ್ಲ. ವರದಿ ಬರೆದೆ — ಈ ಅಂಗಡಿಯ ಮಾಲು ನಂಬುವಂಥದ್ದಲ್ಲ. ಭಟ್ರು ಭಟ್ಕಳದ ಕಡೆಯ ಶಾಲೆಗಳಿಗೂ ಫೋನ್ ಮಾಡಿ ಎಚ್ಚರಿಸಿದರು. ಒಳ್ಳೆಯ ಕೆಲಸವಾಯಿತು.

16 ಜನವರಿ, ಗುರುವಾರ

 ಬರೆದೇಬಿಡುತ್ತೇನೆ.

ಭಟ್ರಿಗೆ ತೋರಿಸಲೆಂದು ಭಟ್ಕಳದ ಹಾಳೆಯ ಮಾಸಲು ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಲು ಕುಳಿತೆ. ಎಡಗಣ್ಣು ಮುಚ್ಚಿ, ಗಾಜು ಹಿಡಿದು. ಸುತ್ತು ಹಾಕಲು ಜಾಗವೇ ಸಿಗಲೊಲ್ಲದು. ಎಲ್ಲಿ ನೋಡಿದರೆ ಅಲ್ಲೇ ಮಾಸಲು. ಹಾಳೆ ತಲೆಕೆಳಗು ಮಾಡಿದೆ. ಹಾಗೆಯೇ. ಗೋಡೆಯ ಕ್ಯಾಲೆಂಡರ್ ನೋಡಿದೆ — ಚೌಕಗಳ ಗೆರೆ ಸೊಟ್ಟ, ಇವತ್ತಿನ ತಾರೀಕೇ ಇಲ್ಲ.

ಎಡಗಣ್ಣು ತೆರೆದೆ. ಎಲ್ಲ ಸರಿ. ಹಾಳೆ ಎಷ್ಟು ಚಂದ, ಒಂದೊಂದು ಒತ್ತಕ್ಷರವೂ ಕಡೆದಿಟ್ಟ ಹಾಗೆ.

ಪಾಪಿ ನಾನು. ಆ ಹುಡುಗನಿಗೆ ಮೋಸಗಾರ ಅಂದೆ.

22 ಜನವರಿ

ಕುಮಟೆಯ ಕಣ್ಣಿನ ಡಾಕ್ಟರ್. ಬಲಗಣ್ಣಿನ ಒಳಪರದೆ, ಅಂದರೆ ರೆಟಿನಾ, ನಡುವಿನಲ್ಲಿ ಹಾಳಾಗಿದೆ. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಸರಿದೂಗಿಸುತ್ತಿತ್ತು, ಹಾಗಾಗಿ ಇಷ್ಟು ದಿನ ತಿಳಿಯಲಿಲ್ಲ. ಕನ್ನಡಕದಿಂದ ಸರಿಯಾಗುವುದಲ್ಲ. ಮಣಿಪಾಲಕ್ಕೆ ಹೋಗಿ ತೋರಿಸಬೇಕಂತೆ, ಆದರೆ ಹೋದ ದೃಷ್ಟಿ ಬರುತ್ತದೆಂದು ಆಸೆ ಇಟ್ಟುಕೊಳ್ಳಬಾರದಂತೆ. ಎಡಗಣ್ಣು?

"ಸದ್ಯ ಚೆನ್ನಾಗಿದೆ. ಅದಕ್ಕೂ ಬರಬಹುದು."

ಬಸ್ಸಿನಲ್ಲಿ ಧಾರೇಶ್ವರ ದಾಟುವವರೆಗೂ ಅಳು ತಡೆದುಕೊಂಡೆ. ಆಮೇಲೆ ಆಗಲಿಲ್ಲ.

24 ಜನವರಿ

ವೆಂಕ್ಟ್ರಮಣ ಆಫೀಸಿಗೇ ಬಂದ. ಎರಡು ಶಾಲೆಯವರು ಆರ್ಡರ್ ರದ್ದು ಮಾಡಿದ್ದಾರೆ. ಊರಲ್ಲಿ ಮಾತಾಗಿದೆ. ಅವತ್ತು ಅಂಗಡಿಯಲ್ಲಿ ತೆಗೆದ ಇನ್ನೊಂದು ಹಾಳೆ ನನ್ನ ಮುಂದೆ ಹಾಸಿದ.

"ತಪ್ಪು ಎಲ್ಲಿ ಉಂಟು ಅಂತ ಒಂದ್ಸಲ ಬೆರಳಿಟ್ಟು ತೋರ್ಸಿ ಅಕ್ಕೋರೆ. ನಾ ತಿದ್ಕಂತೆ."

 "ಮೂವತ್ತಕ್ಕೆ ಮಂಡಳಿ ಮೀಟಿಂಗ್ ಉಂಟು, ಮಶಿನ್ ತಕಂಡು ಬಾ" ಅಂದೆ ಅಷ್ಟೇ.

ಮನೆಯಲ್ಲಿ ತಂಗಿ ಗಂಗೆಗೆ ಎಲ್ಲ ಹೇಳಿದೆ. ಅವಳು ಹೆದರಿದಳು. "ನೀ ಎಂತಕ್ಕೆ ಬಾಯಿ ಬಿಡೂದು? ಬೇರೆ ಅಂಗಡಿದು ತಕಂಡ್ರೆ ಆತು. ಕಣ್ಣು ಹೋಯ್ತು ಅಂದ್ರೆ ಆಫೀಸಲ್ಲಿ ಇಟ್ಕಂತ್ರಾ?"

ಸುಳ್ಳಲ್ಲ ಅವಳು ಹೇಳುವುದು. ಪ್ರಶ್ನೆಪತ್ರಿಕೆ ತಿದ್ದುವುದೇ ನನ್ನ ಕೆಲಸ. ಅದೇ ಹೋದರೆ ಮಂಡಳಿಯವರಿಗೆ ನಾನೇಕೆ ಬೇಕು? ಸುಮ್ಮನಿದ್ದುಬಿಡುವ ಆಸೆಯಾಗಿದೆ. ನಿಜವಾಗಿ ಆಗಿದೆ.

30 ಜನವರಿ, ಗುರುವಾರ

ಮೀಟಿಂಗ್ ಮುಗಿಯಿತು. ವೆಂಕ್ಟ್ರಮಣ ಪ್ರಿಂಟರ್ ಹೊತ್ತು ತಂದಿದ್ದ. ಎಲ್ಲರೆದುರು ನನ್ನ ಹಾಳೆಯನ್ನೇ ಪ್ರಿಂಟ್ ತೆಗೆದ. ಹಾಳೆ ಕೈಯಿಂದ ಕೈಗೆ ಹೋಯಿತು. ಯಾರಾದರೂ "ಚಲೋ ಉಂಟಲ್ಲ" ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಂದಿದ್ದರೆ ನಾನೂ ಹೌದು ಅಂದು ಮುಗಿಸಿಬಿಡುತ್ತಿದ್ದೆ.

ಅಧ್ಯಕ್ಷ ಅಣ್ಣಪ್ಪ ಶೆಟ್ರು ಕನ್ನಡಕ ಏರಿಸಿ ನೋಡಿದರು. "ಹೌದು ಮಾರಾಯ್ರೆ, ನಡುವಿಗೆ ಮಾಸ್ದಂಗೇ ಕಾಣ್ತದೆ."

ಭಟ್ರು, "ನಂಗೂ ಮೊದ್ಲಿಗೆ ತಿಳೀಲಿಲ್ಲ. ಅಕ್ಕೋರು ಹೇಳಿದ ಮೇಲೆ ಕಾಣ್ತು" ಎಂದರು.

ಉಳಿದವರೂ ತಲೆಯಾಡಿಸಿದರು. ಇಲ್ಲದ ಕಲೆಯನ್ನು ಬೆರಳಿಟ್ಟು ತೋರಿಸಿದರು! ಎರಡೂ ಕಣ್ಣು ಸರಿ ಇದ್ದವರು. ವೆಂಕ್ಟ್ರಮಣ ವೈರ್ ಸುತ್ತತೊಡಗಿದ.

ಎದ್ದು ನಿಂತೆ. "ಹಾಳೆಯಲ್ಲಿ ಎಂತದೂ ತಪ್ಪಿಲ್ಲ. ನನ್ನ ಬಲಗಣ್ಣು ಹೋಗಿದೆ. ಈ ಹುಡುಗನ್ನ ಮೋಸಗಾರ ಅಂದೆ, ನನ್ನದು ತಪ್ಪು. ಎಲ್ಲ ಶಾಲೆಗೂ ಹಾಗೇ ತಿಳ್ಸಿ."

 ಪ್ರಿಂಟರ್ ವೆಂಕ್ಟ್ರಮಣನಿಂದಲೇ ಕೊಳ್ಳುವುದೆಂದು ಬರೆದುಕೊಂಡರು. ಆಮೇಲೆ ಶೆಟ್ರು ಭಟ್ರಿಗೆ ಮೆಲ್ಲಗೆ, "ಹಂಗಾರೆ ಈ ಸಲ ಪೇಪರ್ ನೋಡೂರು ಯಾರು?" ಎಂದರು. ನಾನು ಅಲ್ಲೇ ಕುಳಿತಿದ್ದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಹೊರಟಾಗ ಬಾಗಿಲಲ್ಲಿ ವೆಂಕ್ಟ್ರಮಣ ಓಡಿ ಬಂದು ನನ್ನ ಮೊಣಕೈ ಹಿಡಿದ.

"ಮೆಟ್ಲು ಉಂಟು ಅಕ್ಕೋರೆ. ನಿಧಾನ."

ಮೆಟ್ಟಿಲು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗೆಂದು ಗದರಬೇಕಿತ್ತು. ಮೊದಲಾಗಿದ್ದರೆ ಗದರುತ್ತಿದ್ದೆ. ಕೈ ಬಿಡಿಸಿಕೊಳ್ಳಲಿಲ್ಲ, ಅವನು ಹೇಳಿದ ಹಾಗೆ ನಿಧಾನವಾಗಿ ಇಳಿದೆ. ನಾಳೆಯಿಂದ ಎಲ್ಲರೂ ಹೀಗೆಯೇ ಕೈ ಹಿಡಿಯುತ್ತಾರೆ, ನನಗೆ ಕಾಣುವ ಮೆಟ್ಟಿಲನ್ನೂ ತೋರಿಸುತ್ತಾರೆ.