ಅಪ್ಪನ ಮುಂದ ಹಾಡಿ ಅತ್ತಿದ್ದು

ಜಹೀರಾಬಾದ್
ಜುಲೈ 11, 2024

ನನ್ನ ಪ್ರೇಮಲಕ್ಕಾ,

ಹೆಂಗಿದ್ದಿ? ತಾಂಡೂರಿನ ನೀರು ಹಿಡಿಸ್ತದೋ ಇಲ್ಲೋ? ಚಿಕ್ಕವ್ವ ಹೊಟ್ಟಿ ತುಂಬ ಉಣ್ಣಾಕ ಹಾಕ್ತಾಳಲ್ಲ? ಬೆನ್ನಿನ ನೋವು ಕಡಿಮಿ ಆತಾ? ಮಾಳಿಗಿ ಏಣಿಮ್ಯಾಲಿಂದ ಬಿದ್ದೆ ಅಂದಿದ್ದಿ, ಎಣ್ಣಿ ಹಚ್ಚಿಸ್ಕೊ. ಅವ್ವ ಛಲೋ ಅದಾಳ. ನೀ ಫೋನ್ ಬಂದ್ ಮಾಡಿ ಕುಂತಿ, ಅದಕ್ಕ ಏಳನೇ ಕ್ಲಾಸಿಗೇ ಸಾಲಿ ಬಿಟ್ಟ ನಾ ಪೆನ್ನು ಹಿಡದೀನಿ. ಅಕ್ಷರ ನೋಡಿ ನಗಬ್ಯಾಡ. ನಕ್ಕರೂ ನಗು, ನೀ ನಕ್ಕು ಭಾಳ ದಿನ ಆತು.

ಅಪ್ಪನ್ನ ಮಣ್ಣಿಗಿ ಒಯ್ಯೋ ಮೊದಲ ನೀ ಅವನ ಮುಂದ ಹಾಡಿ ಅತ್ತಿದ್ದನ್ನ ಯಾವನೋ ಫೋನಿನ್ಯಾಗ ಹಿಡದು ತುಳಸಿರಾಮನ ಯೂಟ್ಯೂಬ್ ಚಾನೆಲ್‌ಗಿ ಕೊಟ್ಟಿದ್ನಲ್ಲ, ಆ ತುಳಸಿರಾಮ ಅದಕ್ಕ ಡೋಲು ಸೇರ್ಸಿ ನಗಸಾಕ ಹಾಕಿದ್ನಲ್ಲ, ನಿನ್ನೆ ಅವನ ಅಂಗಡಿಗಿ ಹೋಗಿದ್ದೆ. ಗ್ಯಾರೇಜಿನ ಪಾನಾ ಕೈಯಾಗೇ ಇತ್ತು. "ಕೂಡು ಭಯ್ಯಾ, ಚಹಾ ಕುಡಿ, ನಿಮ್ಮಕ್ಕ ಫೇಮಸ್ ಆಗ್ಯಾಳ" ಅಂದ. ಪಾನಾ ಟೇಬಲ್ ಮ್ಯಾಲ ಇಟ್ಟೆ. ಅವನ ದನಿ ಇಳೀತು. "ಅಳಿಸ್ತೀನಪ್ಪಾ. ಮಾರಿ ಯಾರದದ ಅವರು ಹೂಂ ಅನ್ಬೇಕು, ಅಕ್ಕನ ಕಡಿಂದ ಒಂದು ಮಾತು ಹೇಳ್ಸು" ಅಂದ.

ನಮ್ಮ ಕಡಿ ಹೆಣದ ಮುಂದ ಅಳೋ ಹೆಂಗಸು ಅತ್ತೀನ ಬೈಲಿ, ಗಂಡನ್ನ ಬೈಲಿ, ದೇವರನ್ನೇ ಬೈಲಿ, ಮಣ್ಣು ಕೊಟ್ಟು ಬಂದು ಜಳಕ ಮಾಡಿದ ಮ್ಯಾಲ ಯಾರೂ ಆ ಮಾತು ಎತ್ತಂಗಿಲ್ಲ. ಈ ಹರಾಮಖೋರನ ಚಾನೆಲ್‌ಗಿ ಜಳಕಾನೇ ಇಲ್ಲ. ದಿನಾ ಅಪ್ಪನ ಹೆಣ ಎತ್ತತದ.

ನಾರಾಯಣಖೇಡದಿಂದ ನಿನ್ನ ಗಂಡ ಭೀಮಾಶಂಕರ ಮಾವನೂ ಬಂದಿದ್ದ. ವೀಡಿಯೋ ನೋಡಿ ನಿನ್ನ ಹೊರಗ ಹಾಕಿದಾವ, ಈಗ ನಮ್ಮ ಬಾಗಲಾಗ ನಿಂತು "ಅದೊಂದು ಅಳಿಸಿಬಿಡು ವೀರಭದ್ರ, ಎಲ್ಲಾ ಮರತು ಅಕೀನ ಕರಕೊಂಡು ಹೋಗ್ತೀನಿ. ಸಣ್ಣಸಣ್ಣದು ಮನಸ್ಸಿಗಿ ಹಚ್ಕೊಂಡ್ರ ಸಂಸಾರ ನಡೀತದೇನು?" ಅಂದ. ಅವ್ವನೂ "ಹೂಂರಿ, ಅಕಿ ಮೊದಲಿಂದ ಹಂಗೇ, ಮುಳ್ಳು ಚುಚ್ಚಿದ್ರ ಊರೇ ಕೇಳಬೇಕು" ಅಂದ್ಳು. ನಾ ಎದ್ದು ಹೊರಗ ಹೋದೆ. ಸೋಮವಾರ ನಿನ್ನ ಕರಿಯಾಕ ತಾಂಡೂರಿಗಿ ಬರ್ತಾನಂತ.

ಚಿಕ್ಕವ್ವಗ ಶರಣು ಹೇಳು. ಹೊತ್ತಿಗಿ ಸರಿಯಾಗಿ ಉಣ್ಣು.

ನಿನ್ನ ಸಿಟ್ಟಿನ ತಮ್ಮ,
ವೀರಭದ್ರ

ತಾ.ಕ.: ಬಸ್ಸು ಹಾರನ್ ಹೊಡಿಲಿಕತ್ತದ, ಕಂಡಕ್ಟರ್ ಕೈಯಾಗ ಈ ಕಾಗದ ಕೊಡಬೇಕು. ಇವತ್ತು ಆ ವೀಡಿಯೋ ನೋಡ್ಲಿಲ್ಲ, ಫೋನ್ ಬೋರಲು ಇಟ್ಟು ಬರೇ ಕೇಳಿದೆ. ಡೋಲಿನ ಹಿಂದ ನಿನ್ನ ದನಿ ಅದ: "ಕಟ್ಟಿಗಿ ಮುರಿಯೋ ತನಕ ಹೊಡದಾನೋ ಅಪ್ಪಾ, ಯಾರಿಗಿ ತೋರಸ್ಲೋ ನನ್ನ ಬೆನ್ನು." ಏಣಿ ಸುಳ್ಳು ಹೌದಲ್ಲ ಅಕ್ಕಾ? ಅವತ್ತು ಅಲ್ಲಿದ್ದವರೆಲ್ಲಾ ಕೇಳೀವಿ, ಎಲ್ಲಾರೂ ಜಳಕ ಮಾಡೀವಿ. ಅಳಿಸು ಅಂದ್ರ ಇವತ್ತೇ ಅಳಿಸ್ತೀನಿ, ಮಾರಿ ನಿಂದು, ಮಾತು ನಿಂದು. ಇರ್ಲಿ ಅಂದ್ರ ಡೋಲು ತಗಸಿ ಪಂಚರ ಮುಂದ ಕೇಳಸ್ತೀನಿ. ಏನಂದ್ರೂ ನಾ ಮಾತ್ರ ಮರಿಯಂಗಿಲ್ಲ. ಸೋಮವಾರ ಅವ ಬರೋಕಿಂತ ಮೊದಲ ನಾ ಚಿಕ್ಕವ್ವನ ಬಾಗಲಾಗ ನಿಂತಿರ್ತೀನಿ. ನೀ ಒಳಗಿಂದ ಚಿಲಕ ಹಾಕ್ಕೊಂಡಿರು.