ಶೇಠರ ಪೆಟ್ಟಿಗೆ, ಅಲಕಾಳ ಡಬ್ಬಿ

ಗಡಹಿಂಗ್ಲಜ
ಬುಧವಾರ, ೧೧-೧-೧೯೬೧

ಮುಂಬಯಿಯ ಗಿರಗಾಂವ ಸಿಂಹಾಸನಾಧೀಶ್ವರ, ದಿನಕ್ಕೆರಡು ಟ್ರಾಮ್ ಗೆದ್ದು ಕಚೇರಿ ಸೇರುವ ಮಹಾಪರಾಕ್ರಮಿ, ಇಸ್ತ್ರಿ ಅಂಗಿಯ ಚಕ್ರವರ್ತಿ, ಅಭಯಕುಮಾರ ಅಣ್ಣನ ಪಾದಗಳಿಗೆ ಯಃಕಶ್ಚಿತ್ ತಮ್ಮ ಪದ್ಮಕುಮಾರನ ಸಾಷ್ಟಾಂಗ ನಮಸ್ಕಾರ.

ನಿನ್ನ ಕೆಮ್ಮು ಹೇಗಿದೆ? ಅವ್ವನ ಮೊಣಕಾಲು ಪರವಾಗಿಲ್ಲ. ಅಪ್ಪನ ಹುರುಪು ಮಾತ್ರ ವಿಪರೀತವಾಗಿದೆ, ನನ್ನ ಭಯವೂ ಅದೇ. ಬರುವ ಸೋಮವಾರ ಅಲಕಾಳ ಮದುವೆಗೆಂದು ಇಟ್ಟ ಬಂಗಾರ ಮಾರಿ ಇಚಲಕರಂಜಿಯ ಹೊಸ ನೂಲಿನ ಗಿರಣಿಯ ಶೇರು ಕೊಳ್ಳುವವರಿದ್ದಾರೆ. ಹನ್ನೊಂದು ರೂಪಾಯಿಯ ಶೇರು ತಿಂಗಳಲ್ಲೇ ಹದಿನೈದಾಗಿದೆ. ವೈಶಾಖದ ಮದುವೆಯೊಳಗೆ ಅದನ್ನು ಮಾರಿ ಎರಡರಷ್ಟು ಬಂಗಾರ ತರುತ್ತಾರಂತೆ. ನಮ್ಮ ತಂಗಿ ಆ ಬಂಗಾರದ ಡಬ್ಬಿಯನ್ನು ದಿನಕ್ಕೆ ಮೂರು ಸಲ ಒರೆಸುತ್ತಾಳೆ, ಅಷ್ಟೇ.

ನಾನು ಸರಕಾರಿ ತನಿಖಾಧಿಕಾರಿಯಂತೆ ಟೋಪಿ ಏರಿಸಿಕೊಂಡು ಗಿರಣಿಯ ಗುಮಾಸ್ತ ಸಿದ್ರಾಮನನ್ನು ಕಂಡೆ. ನನ್ನ ಖರ್ಚಿನಲ್ಲಿ ಚಹಾ ಕುಡಿದು ಹೇಳಿದ: "ಒಟ್ಟ ಹತ್ತ ಸಾವಿರ ಶೇರ. ಒಂಬತ್ತ ಸಾವಿರ ಗಿರಣಿ ಮಾಲಕ ಶೇಠರ ಮನೀ ಪೆಟ್ಟಿಗ್ಯಾಗ ಅದಾವ, ಅವು ಮಾರಾಕ ಬರೂದಿಲ್ಲ. ಪ್ಯಾಟ್ಯಾಗ ತಿರುಗೂವು ಒಂದ ಸಾವಿರ. ಯಾರರೆ ಎರಡ ಮೂರ ಶೇರ ಬೇಡಿದ್ರ ಸಾಕು, ರೇಟ ಜಿಗಿತೈತಿ." ಬೀಳುವುದೂ ಹಾಗೆಯೇ, ಅಣ್ಣಾ. ಶೇಠರು ಒಂದು ಮುಂಜಾನೆ ಪೆಟ್ಟಿಗೆ ತೆರೆದು ಮಾರಲು ನಿಂತರೆ ಮುಗಿಯಿತು.

ಇದನ್ನು ಹೇಳಿದರೆ ಅಪ್ಪ ನಕ್ಕುಬಿಟ್ಟರು. "ಏ ಹುಚ್ಚಾ, ಆವಕ ಕಡಿಮಿ ಅಂದ್ರ ಧಾರಣಿ ಏರೂದ. ಇಪ್ಪತ್ತ ವರ್ಷ ಬೆಲ್ಲಾ ಮಾರೇನಿ, ನನಗ ಕಲಸ್ತೀಯೇನ?" ಪೇಟೆಗೆ ಬೆಲ್ಲ ಕಡಿಮೆ ಬಂದಾಗ ಕೊಂಡಿಟ್ಟವನಿಗೆ ಲಾಭ, ನಿಜ. ಆದರೆ ಬೆಲ್ಲ ತಿನ್ನುವವರು ಊರು ತುಂಬ ಇದ್ದಾರೆ. ಈ ಶೇರನ್ನು ಅಪ್ಪ ಮಾರಲು ಹೋದ ದಿನ ಕೊಳ್ಳುವವರು ಯಾರು? ಗಿರಣಿ ಎಷ್ಟೇ ದೊಡ್ಡದಿರಲಿ, ಅದರ ಶೇರಿನ ಪೇಟೆ ನಮ್ಮ ಪಡಸಾಲೆಯಷ್ಟು.

ನನ್ನ ಮಾತು ಈ ಮನೆಯಲ್ಲಿ ನಡೆಯದು, ನಿನ್ನದು ನಡೆಯುತ್ತದೆ. ಪತ್ರ ಕಂಡೊಡನೆ ರೈಲು ಹತ್ತು. ಭಾನುವಾರ ಕೊಲ್ಹಾಪುರದ ಸ್ಟೇಶನ್ನಿನಲ್ಲಿ ಕಾಯುತ್ತಿರುತ್ತೇನೆ.

ಅವ್ವನ ಆಶೀರ್ವಾದ, ಅಲಕಾಳ ನಮಸ್ಕಾರ.
ನಿನ್ನ ಆಜ್ಞಾಧಾರಕ (ಎಂದು ಬರೆಯುವುದು ರೂಢಿ),
ಪದ್ಮಕುಮಾರ

ತಾ. ಕ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಶೇರು ಬೇಡಿ ಬೇಡಿ ರೇಟು ಜಿಗಿಸಿದವನು ನಾನೇ. ರೇಟು ಏರಿದಾಗ ಅಪ್ಪನ ಕಣ್ಣರಳುವುದನ್ನು ನೋಡುವ ಚಪಲಕ್ಕೆ, ನೀನು ಬಿಟ್ಟುಹೋದ ಸೈಕಲ್ ಮಾರಿ, ನಾಲ್ಕು ಸಲಕ್ಕೆ ಹತ್ತು ಶೇರು ಕೊಂಡೆ. ನಿನ್ನೆ ಮಾರಲು ಹೋದರೆ ದಲಾಲ ಅಲ್ಲಪ್ಪ ಹೇಳಿದ: "ಸದ್ಯಕ್ಕ ತಗೊಳ್ಳವರು ಒಬ್ಬರ ಅದಾರ. ನಿಮ್ಮ ಅಪ್ಪಾರು."